ಕಾರಣ ಹಿಡಿಯಲು ಐದು ವರ್ಷ

ವೈರಸ್ಸಿನ ಸುಳಿವು ಮನುಷ್ಯನಿಗೆ ಮೊದಲು ಸಿಕ್ಕದ್ದು ತಂಬಾಕಿನ ಎಲೆಯಲ್ಲಿ. 1892ರಲ್ಲಿ ರಷ್ಯಾದ ಡಿಮಿಟ್ರಿ ಇವಾನೊವ್‌ಸ್ಕಿ ರೋಗ ಹತ್ತಿದ ತಂಬಾಕಿನ ಎಲೆ ಅರೆದು, ಆ ರಸವನ್ನು ಪಿಂಗಾಣಿಯ ಸೋಸುಗದಲ್ಲಿ ಹಾಯಿಸಿದ. ಬ್ಯಾಕ್ಟೀರಿಯಾ ಕೂಡ ದಾಟದಷ್ಟು ಸಣ್ಣ ರಂಧ್ರಗಳ ಸೋಸುಗ ಅದು. ಸೋಸಿ ಬಂದ ತಿಳಿರಸವನ್ನು ಒಳ್ಳೆಯ ಗಿಡಕ್ಕೆ ಉಜ್ಜಿದರೂ ರೋಗ ಬಂತು. 1898ರಲ್ಲಿ ಹಾಲೆಂಡಿನ ಬೈಜೆರಿಂಕ್ ಅದೇ ಪ್ರಯೋಗವನ್ನು ತಾನೂ ಮಾಡಿ ನೋಡಿ, ಇದು ಬ್ಯಾಕ್ಟೀರಿಯಾ ಜಾತಿಯದಲ್ಲ, ಬೇರೆಯೇ ಏನೋ ಎಂದು ಸಾರಿದ. ಅದೇ ವರ್ಷ ಜರ್ಮನಿಯ ಲೋಫ್ಲರ್ ಮತ್ತು ಫ್ರಾಷ್ ದನಗಳ ಕಾಲುಬಾಯಿ ಬೇನೆಗೂ ಸೋಸುಗ ದಾಟುವ ಇಂಥದೇ ಕಾರಣವಿದೆ ಎಂದು ತೋರಿಸಿದರು. ಪ್ರಾಣಿಗಳಲ್ಲಿ ಪತ್ತೆಯಾದ ಮೊದಲ ವೈರಸ್ ಅದು.

ಸಂಕೇಶ್ವರದಿಂದ ಹೆದ್ದಾರಿ ಹಿಡಿದು ಅರ್ಧ ಗಂಟೆ ಉತ್ತರಕ್ಕೆ ಹೋದರೆ ತಂಬಾಕಿಗೆ ಹೆಸರಾದ ನಿಪ್ಪಾಣಿ. ಕಾಲುಬಾಯಿ ಬೇನೆಯನ್ನಂತೂ ಬೆಲ್ಲದ ಬಾಗೇವಾಡಿಯಲ್ಲಿ ಎಮ್ಮೆ ಕಟ್ಟಿದ ಯಾವ ಮನೆಗೂ ಪರಿಚಯಿಸಬೇಕಿಲ್ಲ: ಬಾಯಿಂದ ಜೊಲ್ಲು, ಗೊರಸಿನ ಸಂದಿಯಲ್ಲಿ ಹುಣ್ಣು, ಅರ್ಧಕ್ಕಿಳಿದ ಹಾಲು. ವೈರಾಲಜಿ ಎಂಬ ಶಾಸ್ತ್ರ ಹುಟ್ಟಿದ್ದೇ ಹೊಲದ ಮತ್ತು ಕೊಟ್ಟಿಗೆಯ ತಕರಾರುಗಳಿಂದ. ನಮಗೆ ಮಾತ್ರ ಅದು 2020ರಲ್ಲಿ ಟಿ.ವಿ.ಯ ಮೂಲಕ, ಪಿಪಿಇ ಕಿಟ್ ತೊಟ್ಟು ಮನೆಯೊಳಗೆ ಬಂತು. ಹೀಗಾಗಿ ಈ ವಿಷಯದಲ್ಲಿ ಪಿಎಚ್.ಡಿ. ಮಾಡಬೇಕು ಎನ್ನುವ ಎಂ.ಎಸ್ಸಿ. ಹುಡುಗ ಹುಡುಗಿಯರ ಬಾಯಲ್ಲಿ ಬಾವಲಿ, ಕೊರೊನಾ, ಲಸಿಕೆ ಇಷ್ಟೇ ಬರುತ್ತವೆ. ಅಪ್ಪನ ಹೊಲದ ಮೆಣಸಿನ ಗಿಡ ಬರುವುದಿಲ್ಲ. ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ಅಂಥ ಯೋಚನೆಯಲ್ಲಿರುವವರಿಗೂ, ‘ಇನ್ನ ಎಷ್ಟ ವರ್ಷ ಕಲಿತೀ?’ ಎಂದು ಕೇಳುವ ಅವರ ಮನೆಯವರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಪಿಎಚ್.ಡಿ. ಎಂದರೆ ಎಂ.ಎಸ್ಸಿ.ಯ ಮುಂದಿನ ತರಗತಿ, ಇನ್ನೂ ದಪ್ಪನೆಯ ಪುಸ್ತಕ ಎಂಬ ತಿಳಿವಳಿಕೆ ನಮ್ಮಲ್ಲಿದೆ. ಓದು ಇದ್ದೇ ಇರುತ್ತದೆ. ಆದರೆ ವೈರಾಲಜಿಯಲ್ಲಿ ಆ ಪದವಿ ಕಲಿಸುವ ಕಸುಬು ಹೆಚ್ಚುಕಡಿಮೆ ಒಂದೇ. ರೋಗವೊಂದನ್ನು ಮುಂದಿಟ್ಟುಕೊಂಡು ‘ಇದಕ್ಕೆ ಇದೇ ಕಾರಣ’ ಎಂದು ಬೇರೆಯವರು ಅಲ್ಲಗಳೆಯಲಾಗದ ಹಾಗೆ ತೋರಿಸುವುದು. ಹೇಳುವುದಕ್ಕೆ ಒಂದು ಸಾಲು. ಮಾಡುವುದಕ್ಕೆ ನಾಲ್ಕೈದು ವರ್ಷ.

ಯಾಕೆ ಅಷ್ಟು ಎಂಬುದು ತಿಳಿಯಬೇಕಾದರೆ ಮೆಣಸಿನ ಹೊಲಕ್ಕೇ ಹೋಗಬೇಕು. ಸಂಕೇಶ್ವರಿ ಮೆಣಸಿನಕಾಯಿಯ ಹೆಸರು ಗಡಿ ದಾಟಿ ಮಹಾರಾಷ್ಟ್ರದ ಪೇಟೆಗಳಲ್ಲೂ ಓಡಾಡುತ್ತದೆ. ಅದರ ಶನಿ ಮುಟುರು ರೋಗ. ಎಲೆ ಮುದುಡಿ, ಗಿಡ ಕುಳ್ಳಾಗಿ, ಹೂ ಉದುರಿ ಹೋಗುತ್ತದೆ. ಬಗ್ಗಿ ಒಂದು ಗಿಡ ನೋಡಿ. ಎಲೆಯ ಅಂಚು ಮೇಲ್ಮುಖವಾಗಿ ಮಡಚಿದ್ದರೆ ಅದು ಥ್ರಿಪ್ಸ್ ಹುಳದ ಕೆಲಸ. ಎಲೆ ಕೆಳಮುಖವಾಗಿ ಬಾಗಿ, ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಎಲೆ ಚಿಕ್ಕದಾಗಿ, ನರ ದಪ್ಪಗಾಗಿ, ಕುಡಿಯಲ್ಲಿ ಗೊಂಚಲುಗಟ್ಟಿದ್ದರೆ ವೈರಸ್. ಅದನ್ನು ಗಿಡದಿಂದ ಗಿಡಕ್ಕೆ ಹೊತ್ತು ತರುವುದು ಬಿಳಿ ನೊಣ. ಪುಸ್ತಕದಲ್ಲಿ ಇಷ್ಟು ಚೊಕ್ಕ. ಹೊಲದಲ್ಲಿ ಮೂರೂ ಒಂದೇ ಗಿಡದ ಮೇಲಿರುತ್ತವೆ, ಮೇಲಿನ ಎಲೆಯಲ್ಲೊಂದು ಲಕ್ಷಣ, ಕೆಳಗಿನ ಎಲೆಯಲ್ಲೊಂದು. ವಿಜ್ಞಾನಿಗಳೂ ಬೇರೆ ದಾರಿ ಕಾಣದೆ ಇದಕ್ಕೆ ‘ಮುರ್ಡಾ ಕಾಂಪ್ಲೆಕ್ಸ್’ ಎಂಬ ಒಟ್ಟು ಹೆಸರು ಕೊಟ್ಟುಕೊಂಡಿದ್ದಾರೆ.

ರೈತ ಏನು ಮಾಡುತ್ತಾನೆ? ಎಲೆಯೊಂದನ್ನು ಕಿತ್ತು ಕಿಸೆಯಲ್ಲಿಟ್ಟುಕೊಂಡು ಔಷಧಿ ಅಂಗಡಿಗೆ ಹೋಗುತ್ತಾನೆ. ಅಂಗಡಿಯಲ್ಲಿ ಕೊಟ್ಟದ್ದನ್ನು ಹೊಡೆಯುತ್ತಾನೆ. ಕಾರಣ ಮೈಟ್ ಆಗಿದ್ದು ಹೊಡೆದದ್ದು ಬೇರೆ ಕೀಟನಾಶಕವಾಗಿದ್ದರೆ, ಮೈಟನ್ನು ತಿಂದು ಬದುಕುವ ಮಿತ್ರಕೀಟಗಳು ಸತ್ತು ಮೈಟ್ ಇನ್ನಷ್ಟು ಹೆಚ್ಚುತ್ತದೆ. ಕಾರಣ ವೈರಸ್ ಆಗಿದ್ದರೆ, ಗಿಡದೊಳಗೆ ಹೊಕ್ಕ ವೈರಸ್ಸನ್ನು ಸಿಂಪಡಿಸಿ ಓಡಿಸುವ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ. ದುಡ್ಡು ಮಾತ್ರ ಪ್ರತಿ ಸಲವೂ ಹೋಗುತ್ತದೆ.

ಈಗ ಇದನ್ನೇ ಪಿಎಚ್.ಡಿ. ವಿಷಯವಾಗಿ ಹಿಡಿದ ವಿದ್ಯಾರ್ಥಿನಿಯೊಬ್ಬಳ ದಾರಿ ನೋಡಿ. ಮೊದಲು ಹತ್ತಾರು ಹೊಲ ತಿರುಗಿ ಎಲೆ ತರಬೇಕು. ಪ್ರತಿ ಪೊಟ್ಟಣದ ಮೇಲೆ ಊರು, ತಾರೀಖು, ತಳಿ, ನಾಟಿಯ ದಿನ ಬರೆದಿರಬೇಕು. ಎಲೆಯಿಂದ ಡಿಎನ್‌ಎ ತೆಗೆದು ಪಿಸಿಆರ್ ಮಾಡಿದರೆ ಬೆಗೊಮೊವೈರಸ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಮೆಣಸು, ಟೊಮೆಟೊ, ಬೆಂಡೆಗಳ ಎಲೆಗಳನ್ನು ಕೆಡಿಸುವುದು ಹೆಚ್ಚಾಗಿ ಈ ಕುಲವೇ. ಅದರ ಪೂರ್ತಿ ಡಿಎನ್‌ಎ ಓದಿಸಿದರೆ ಸಿಗುವುದು ಸುಮಾರು 2,700 ಅಕ್ಷರ. ಈ ಅಂಕಣದಲ್ಲಿ ಅದಕ್ಕಿಂತ ಹೆಚ್ಚು ಅಕ್ಷರಗಳಿವೆ, ಪರಿಣಾಮ ಮಾತ್ರ ಆ ಮಟ್ಟದ್ದಲ್ಲ. ಜೊತೆಗೆ ಹಲವು ಸಲ 1,350 ಅಕ್ಷರದ ಇನ್ನೊಂದು ತುಣುಕು ಬಾಲದಂತೆ ಅಂಟಿಕೊಂಡು ಬರುತ್ತದೆ. ಬೀಟಾಸ್ಯಾಟಲೈಟ್ ಎನ್ನುವ ಆ ತುಣುಕು ಒಬ್ಬಂಟಿಯಾಗಿ ಏನೂ ಮಾಡಲಾರದು; ವೈರಸ್ಸಿನ ಜೊತೆ ಸೇರಿದರೆ ರೋಗ ವಿಪರೀತವಾಗುತ್ತದೆ.

ಇಷ್ಟಾಗುವಾಗ ಎರಡನೆಯ ವರ್ಷ ನಡೆದಿರುತ್ತದೆ. ವೈರಸ್ ಸಿಕ್ಕಿತಲ್ಲ, ಮುಗಿಯಿತಲ್ಲ ಎಂದರೆ, ಇಲ್ಲ. ಸಂತೆಯಲ್ಲಿ ಕಳವಾದಾಗ ಅಲ್ಲಿ ನಿಂತಿದ್ದವರೆಲ್ಲ ಕಳ್ಳರಾಗುವುದಿಲ್ಲ. ರೋಗದ ಎಲೆಯಲ್ಲಿ ವೈರಸ್ ಇತ್ತು ಎಂಬುದು ಒಂದು ಮಾತು. ವೈರಸ್ಸಿನಿಂದಲೇ ರೋಗ ಬಂತು ಎಂಬುದು ಬೇರೆ ಮಾತು. ಎರಡನೆಯದನ್ನು ಹೇಳಬೇಕಾದರೆ ಆ ಡಿಎನ್‌ಎಯನ್ನು ಪ್ರಯೋಗಾಲಯದಲ್ಲಿ ನಕಲು ಮಾಡಿ, ಅಗ್ರೊಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದೊಳಗೆ ಹೊಗಿಸಿ, ಅದನ್ನು ಆರೋಗ್ಯವಂತ ಸಸಿಗೆ ಚುಚ್ಚಬೇಕು. ಸಸಿ ಮುದುಡಬೇಕು. ಮುದುಡಿದ ಎಲೆಯಲ್ಲಿ ಅದೇ ವೈರಸ್ ಮತ್ತೆ ಸಿಗಬೇಕು. ವೈರಸ್ ಮಾತ್ರ ಚುಚ್ಚಿದ ಸಸಿ, ವೈರಸ್ ಮತ್ತು ಬೀಟಾಸ್ಯಾಟಲೈಟ್ ಎರಡನ್ನೂ ಚುಚ್ಚಿದ ಸಸಿ, ಏನೂ ಇಲ್ಲದ ಬರೀ ಬ್ಯಾಕ್ಟೀರಿಯಾ ಚುಚ್ಚಿದ ಸಸಿ, ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಆಮೇಲೆ ಬಿಳಿ ನೊಣ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ: ಸಸ್ಯ ವೈರಾಲಜಿಯ ಪಿಎಚ್.ಡಿ.ಯಲ್ಲಿ ಬಹಳಷ್ಟು ದಿನ ನೊಣ ಸಾಕುವುದರಲ್ಲೇ ಹೋಗುತ್ತದೆ. ವೈರಸ್ ಇಲ್ಲದ ನೊಣಗಳ ಸಂಸಾರವನ್ನು ಬಲೆಯ ಪಂಜರದಲ್ಲಿ ಬದನೆ ಅಥವಾ ಹತ್ತಿ ಗಿಡದ ಮೇಲೆ ಬೆಳೆಸಬೇಕು. ಬೆಳಿಗ್ಗೆ ತಂಪಿರುವಾಗ, ನೊಣ ಚುರುಕಾಗುವ ಮುಂಚೆ, ಎಲೆಯನ್ನು ಮೆಲ್ಲಗೆ ತಿರುವಿ, ಗಾಜಿನ ಕೊಳವೆಗೆ ಬಾಯಿಟ್ಟು ಉಸಿರೆಳೆದು ಒಂದೊಂದಾಗಿ ಹಿಡಿಯಬೇಕು. ಕೊಳವೆಯ ನಡುವೆ ಸಣ್ಣ ಬಲೆಯ ತುಂಡು ಇರುತ್ತದೆ, ಇಲ್ಲದಿದ್ದರೆ ನೊಣ ಗಂಟಲಿಗೇ. ಹಿಡಿದವನ್ನು ರೋಗದ ಗಿಡದ ಮೇಲೆ ಒಂದು ದಿನ, ಬಳಿಕ ಒಳ್ಳೆಯ ಸಸಿಯ ಮೇಲೆ ಒಂದು ದಿನ ಬಿಟ್ಟು, ಕೊಂದು, ಸಸಿಯನ್ನು ಮೂರು ನಾಲ್ಕು ವಾರ ಕಾಯಬೇಕು. ಈ ನಡುವೆ ಪಂಜರದ ಮೂಲೆಯಲ್ಲಿ ತೂತೊಂದು ಬಿದ್ದು ಹೊರಗಿನ ನೊಣ ಒಳಗೆ ಬಂದಿದ್ದರೆ ಮೊದಲಿನಿಂದ ಶುರು. ಇದರಲ್ಲಿ ಟಿ.ವಿ.ಗೆ ತೋರಿಸುವಂಥದ್ದು ಏನೂ ಇಲ್ಲ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ತೊಗರಿಯ ಗೊಡ್ಡು ರೋಗದ ಕತೆ ಹೇಳಬೇಕು. ಗಿಡ ಹಸಿರಾಗಿ ಪೊದೆಯಂತೆ ಬೆಳೆಯುತ್ತದೆ, ಹೂವಿಲ್ಲ, ಕಾಯಿಲ್ಲ. ಈ ರೋಗ ದಾಖಲಾದದ್ದು 1931ರಲ್ಲಿ, ಬಿಹಾರದ ಪೂಸಾದಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಅದನ್ನು ಹರಡುತ್ತದೆ ಎಂಬುದು ಕೆಲವು ದಶಕಗಳ ಬಳಿಕ ತಿಳಿಯಿತು. ವೈರಸ್ ಇರಬೇಕು ಎಂಬ ಗುಮಾನಿ ಎಲ್ಲರಿಗೂ ಇತ್ತು. ಅದು ಕೈಗೆ ಸಿಕ್ಕದ್ದು 2000ದಲ್ಲಿ, ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಮತ್ತು ಸ್ಕಾಟ್ಲೆಂಡಿನ ವಿಜ್ಞಾನಿಗಳು ಕೂಡಿ ಮಾಡಿದ ಕೆಲಸದಿಂದ. ಹತ್ತಿರ ಹತ್ತಿರ ಎಪ್ಪತ್ತು ವರ್ಷ. ಗಿಡದಿಂದ ಹೊರತೆಗೆಯುವಷ್ಟರಲ್ಲಿ ಚೂರಾಗಿ ಹೋಗುವ ನಾಜೂಕಿನ ವೈರಸ್ ಅದು. ಎಪ್ಪತ್ತು ವರ್ಷದಲ್ಲಿ ಎಷ್ಟು ಮಂದಿ ಅದರ ಹಿಂದೆ ಬಿದ್ದು ಸೋತರೋ! ಅಂಥ ಸೋಲೂ ಪ್ರಬಂಧವಾಗಬಲ್ಲದು, ಪದವಿಯೂ ಬರಬಲ್ಲದು. ಪಿಎಚ್.ಡಿ.ಯಲ್ಲಿ ‘ಇದಲ್ಲ’ ಎಂದು ಸರಿಯಾಗಿ ತೋರಿಸುವುದಕ್ಕೂ ಬೆಲೆಯಿದೆ.

ಕಬ್ಬಿನಲ್ಲಿ ಇದರ ತಿರುವುಮುರುವು ನಡೆಯಿತು. ಕುಳೆ ಕಬ್ಬಿನಲ್ಲಿ ಕೆಲವು ಸಲ ಗಣಿಕೆ ಬರದೆ ಬುಡದಿಂದ ಹುಲ್ಲಿನಂಥ ತೆಳು ಮೊಳಕೆಗಳು ಗುಂಪಾಗಿ ಏಳುವುದನ್ನು ಬೆಲ್ಲದ ಬಾಗೇವಾಡಿಯ ರೈತರು ನೋಡಿಯೇ ಇರುತ್ತಾರೆ. ಅದನ್ನು ಬಹುಕಾಲ ವೈರಸ್ ರೋಗವೆಂದೇ ತಿಳಿದಿದ್ದರು. 1967ರಲ್ಲಿ ಜಪಾನಿನಲ್ಲಿ ಫೈಟೊಪ್ಲಾಸ್ಮಾ ಎಂಬ ಇನ್ನೊಂದು ಬಗೆಯ ಸೂಕ್ಷ್ಮಜೀವಿ ಸಸ್ಯದೊಳಗೆ ಪತ್ತೆಯಾದ ಮೇಲೆ, ಇಲ್ಲೂ ಅಪರಾಧಿ ಅದೇ ಎಂದು ತಿಳಿಯಿತು. ಹೆಸರು ಯಾವುದಾದರೇನು ಎನ್ನಬೇಡಿ. ಬೀಜದ ಕಬ್ಬನ್ನು 50 ಡಿಗ್ರಿಯ ಹಬೆಗಾಳಿಯಲ್ಲಿ ಒಂದು ತಾಸು ಇಟ್ಟರೆ ಫೈಟೊಪ್ಲಾಸ್ಮಾ ಬಹುಮಟ್ಟಿಗೆ ಹೋಗುತ್ತದೆ. ಆದರೆ ಎಲೆಯ ನಡುದಂಟು ಹಳದಿಯಾಗುವ ಇನ್ನೊಂದು ರೋಗವಿದೆ. ಅದಕ್ಕೆ ಕಾರಣ ನಿಜವಾದ ವೈರಸ್, ಹರಡುವುದು ಸಸ್ಯಹೇನು. ಆ ವೈರಸ್ ಹಬೆಗೆ ಜಗ್ಗುವುದಿಲ್ಲ. ಕಬ್ಬಿನ ಕುಡಿಯ ತುದಿಯಲ್ಲಿ ವೈರಸ್ ಇನ್ನೂ ತಲುಪಿರದ ಚೂರನ್ನು ಕತ್ತರಿಸಿ ಅಂಗಾಂಶ ಕೃಷಿಯಿಂದ ಹೊಸ ಸಸಿ ಮಾಡಬೇಕು. ಕಬ್ಬು ತುಂಡು ನೆಟ್ಟು ಬೆಳೆಯುವ ಪೈರಾದ್ದರಿಂದ ತಾಯಿಯ ರೋಗ ಮಗುವಿಗೆ ಖಾತ್ರಿ. ಹುಕ್ಕೇರಿ ತಾಲ್ಲೂಕಿನಲ್ಲೇ, ಸಂಕೇಶ್ವರದಲ್ಲಿ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಬ್ಬು ಸಂಶೋಧನಾ ಕೇಂದ್ರವಿದೆ. ಅಲ್ಲಿ ಬೆಳೆಸಿದ ತಳಿಗಳು ‘ಎಸ್‌ಎನ್‌ಕೆ’ ಎಂದು ಊರಿನ ಹೆಸರನ್ನೇ ಹೊತ್ತಿವೆ. ಎಷ್ಟೋ ವಿದ್ಯಾರ್ಥಿಗಳು ಅದರ ಗೇಟಿನ ಮುಂದಿನಿಂದಲೇ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬಂದಿರುತ್ತಾರೆ, ಒಳಗೆ ಏನಿದೆ ಎಂದು ಇಳಿದು ನೋಡಿರುವುದಿಲ್ಲ.

ದನದ ಕಡೆಗೆ ಬರೋಣ. 2022ರಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಎತ್ತು, ಆಕಳುಗಳ ಮೈಮೇಲೆ ಗಂಟು ಎದ್ದವು. ದನದ ಸಂತೆಗಳಿಗೆ ತಡೆ ಬಿತ್ತು. ಚರ್ಮಗಂಟು ರೋಗ 1929ರಲ್ಲಿ ಇಂದಿನ ಜಾಂಬಿಯಾದಲ್ಲಿ ಮೊದಲು ಕಂಡದ್ದು, ಭಾರತಕ್ಕೆ ಬಂದದ್ದು 2019ರಲ್ಲಿ, ಒಡಿಶಾದ ಮೂಲಕ. ತಕ್ಷಣಕ್ಕೆ ಕೊಟ್ಟದ್ದು ಆಡಿನ ಸಿಡುಬಿನ ಲಸಿಕೆ. ಎರಡೂ ವೈರಸ್ ದಾಯಾದಿಗಳಾದ್ದರಿಂದ ಒಂದರ ಲಸಿಕೆ ಇನ್ನೊಂದಕ್ಕೆ ಸ್ವಲ್ಪ ಆಸರೆ. 2022ರ ಆಗಸ್ಟಿನಲ್ಲಿ ಹಿಸಾರಿನ ಕುದುರೆ ಸಂಶೋಧನಾ ಕೇಂದ್ರ ಮತ್ತು ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ಸೇರಿ ‘ಲಂಪಿ-ಪ್ರೊವ್ಯಾಕ್‌ಇಂಡ್’ ಎಂಬ ಲಸಿಕೆ ಬಿಡುಗಡೆ ಮಾಡಿದವು. ರಾಂಚಿಯ ದನದಿಂದ ತೆಗೆದ ವೈರಸ್ಸನ್ನು ವೀರೊ ಕೋಶಗಳಲ್ಲಿ ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ದಾಟಿಸಿ, ಅದರ ಹಲ್ಲು ಕಿತ್ತು ಮಾಡಿದ ಲಸಿಕೆ ಅದು.

ವೀರೊ ಕೋಶಗಳ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಓದಿನ ದಿನಚರಿ ತಿಳಿಯುವುದಿಲ್ಲ. ಆಫ್ರಿಕದ ಹಸಿರು ಮಂಗವೊಂದರ ಮೂತ್ರಪಿಂಡದಿಂದ 1962ರಲ್ಲಿ ಜಪಾನಿನ ಚಿಬಾದಲ್ಲಿ ತೆಗೆದ ಕೋಶಗಳ ಸಂತತಿ ಇದು. ಇವತ್ತಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಲೇ ಇದೆ. ತಟ್ಟೆಯ ತಳದಲ್ಲಿ ಈ ಕೋಶಗಳನ್ನು ಒಂದೇ ಪದರವಾಗಿ ಬೆಳೆಸಿ, ಮೇಲೆ ವೈರಸ್ ಇರುವ ದ್ರವ ಬಿಟ್ಟು, ಅದು ಎಲ್ಲೆಂದರಲ್ಲಿ ಹರಿಯದಂತೆ ಜೆಲ್ ಹೊದಿಸಿ ಕೆಲವು ದಿನ ಇಡುತ್ತಾರೆ. ಬಳಿಕ ನೇರಳೆ ಬಣ್ಣ ಸುರಿದು ತೊಳೆದರೆ ಬದುಕಿದ ಕೋಶಗಳೆಲ್ಲ ನೇರಳೆ. ಒಂದು ವೈರಸ್ ಬಿದ್ದು ಸುತ್ತಲಿನದನ್ನು ಕೊಂದ ಕಡೆ ಬಿಳಿ ಚುಕ್ಕೆ. ಆ ಚುಕ್ಕೆ ಎಣಿಸಿದರೆ ಎಷ್ಟು ವೈರಸ್ ಇತ್ತು ಎಂಬ ಲೆಕ್ಕ. 1952ರಲ್ಲಿ ರೆನಾಟೊ ಡುಲ್‌ಬೆಕೊ ಪ್ರಾಣಿ ವೈರಸ್ಸುಗಳಿಗೆ ತಂದ ಈ ವಿಧಾನವನ್ನು ಇಂದಿನ ವಿದ್ಯಾರ್ಥಿಯೂ ಕೈಯಾರೆ ಮಾಡುತ್ತಾನೆ. ಮಳೆಗಾಲದಲ್ಲಿ ಇನ್‌ಕ್ಯುಬೇಟರಿಗೆ ಬೂಷ್ಟು ಹೊಕ್ಕರೆ ಕೋಶಗಳೆಲ್ಲ ತಿಪ್ಪೆಗೆ. ಕರೆಂಟ್ ಹೋಗಿ, ಮೈನಸ್ 80 ಡಿಗ್ರಿಯ ಫ್ರೀಜರಿನ ಜನರೇಟರ್ ಹತ್ತಿಕೊಳ್ಳದಿದ್ದರೆ ಎರಡು ವರ್ಷದ ಮಾದರಿಗಳು ಒಂದೇ ರಾತ್ರಿಯಲ್ಲಿ ನೀರು.

ಚರ್ಮಗಂಟಿನ ವೈರಸ್ ಸಿಡುಬಿನ ವೈರಸ್ಸಿನ ಕುಟುಂಬದ್ದೇ. ಬೆಳಗಾವಿಯ ಟಿಳಕವಾಡಿಯಲ್ಲಿ ‘ವ್ಯಾಕ್ಸಿನ್ ಡಿಪೊ’ ಮೈದಾನಕ್ಕೆ ಪ್ರದರ್ಶನ, ಸಭೆ ಎಂದು ಹೋಗುವವರಲ್ಲಿ ಎಷ್ಟು ಜನಕ್ಕೆ ಆ ಹೆಸರು ಯಾಕೆ ಬಂತು ಎಂದು ಗೊತ್ತು? ಕರುವಿನ ಚರ್ಮದ ಮೇಲೆ ವೈರಸ್ ಬೆಳೆಸಿ ಸಿಡುಬಿನ ಲಸಿಕೆ ತಯಾರಿಸುತ್ತಿದ್ದ ಜಾಗ ಅದು. ನಮ್ಮ ಜಿಲ್ಲೆಗೆ ಈ ವಿದ್ಯೆ ಹೊಸತೇನಲ್ಲ. 2020ರಲ್ಲಿ ಕೊವ್ಯಾಕ್ಸಿನ್‌ನ ಮೊದಲ ಹಂತದ ಪ್ರಯೋಗಕ್ಕೆ ಆಯ್ಕೆಯಾದ ದೇಶದ ಕೆಲವೇ ಆಸ್ಪತ್ರೆಗಳಲ್ಲಿ ಬೆಳಗಾವಿಯದೂ ಒಂದು.

ಮನುಷ್ಯರ ವೈರಸ್ಸೇ ಬೇಕು ಎನ್ನುವವರು ಮಂಗನ ಕಾಯಿಲೆಯ ಚರಿತ್ರೆಯನ್ನು ಒಮ್ಮೆ ಓದಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಳ್ಳಿಗರಿಗೆ ಜ್ವರ ಬಂತು. ಮಂಗ ಸಾಯುತ್ತಿದೆ ಎಂದರೆ ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇ ಎಂದು ಎಲ್ಲರಿಗೂ ದಿಗಿಲು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫರ್ಡ್ ವರ್ಕ್ ಮತ್ತು ಸಂಗಡಿಗರು ಬಂದು ರಕ್ತ, ಸತ್ತ ಮಂಗ, ಕಾಡಿನ ಉಣುಗು ಎಲ್ಲವನ್ನೂ ಪರೀಕ್ಷೆಗೆ ಒಡ್ಡಿದರು. ಸಿಕ್ಕದ್ದು ಹಳದಿ ಜ್ವರವಲ್ಲ. ರಷ್ಯಾದ ಕಾಡುಗಳ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ, ಅಲ್ಲಿಯವರೆಗೆ ಜಗತ್ತಿಗೇ ಗೊತ್ತಿಲ್ಲದ ಒಂದು ವೈರಸ್, ಹರಡುವುದು ಉಣುಗು. ‘ಹಳದಿ ಜ್ವರ ಇದ್ದೀತು’ ಎಂದು ಬರೆದು ಕೈತೊಳೆದುಕೊಂಡಿದ್ದರೆ? ಬಳಿಕ ಈ ಕಾಯಿಲೆ ಗೋವಾ, ಸಿಂಧುದುರ್ಗದವರೆಗೂ ಕಾಣಿಸಿಕೊಂಡಿದೆ. ದಶಕಗಳ ಕಾಲ ಕೊಟ್ಟ ಲಸಿಕೆ ಸಾಲದೆಂದು ಕೈಬಿಟ್ಟಾಗಿದೆ. ಹೊಸದರ ಕೆಲಸ ನಡೆದಿದೆ.

ಆದರೆ ಈ ವೈರಸ್ಸನ್ನು ಎಲ್ಲಿ ಬೇಕೆಂದರಲ್ಲಿ ಮುಟ್ಟುವಂತಿಲ್ಲ. ಪ್ರಯೋಗಾಲಯಗಳಿಗೆ ಜೈವಿಕ ಸುರಕ್ಷತೆಯ ನಾಲ್ಕು ಮಟ್ಟಗಳಿವೆ. ಅಪಾಯ ಹೆಚ್ಚಿದಂತೆ ಮಟ್ಟ ಏರುತ್ತದೆ, ಖರ್ಚೂ ಏರುತ್ತದೆ, ಒಳಗೆ ಹೋಗಲು ತರಬೇತಿ, ಅನುಮತಿ ಎಲ್ಲ ಬೇಕು. ದೇಶದ ಮೊದಲ ನಾಲ್ಕನೇ ಮಟ್ಟದ ಪ್ರಯೋಗಾಲಯ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿದೆ. 1952ರಲ್ಲಿ ಶುರುವಾದ ಆ ಹಳೆಯ ಕೇಂದ್ರಕ್ಕೇ 1978ರಲ್ಲಿ ಈ ಹೆಸರು ಬಂದದ್ದು. ಮೆಣಸಿನ ವೈರಸ್ಸಿಗೆ ಇದಾವುದೂ ಬೇಡ. ಒಂದು ಬಲೆಮನೆ, ಒಂದು ಪಿಸಿಆರ್ ಯಂತ್ರ, ಒಂದು ಒಳ್ಳೆಯ ಫ್ರೀಜರ್ ಇದ್ದರೆ ಗಂಭೀರ ಕೆಲಸ ನಡೆಯುತ್ತದೆ. ಹೆಸರುವಾಸಿ ವೈರಸ್ಸಿನ ಹಿಂದೆ ಹೋಗಿ, ಅದನ್ನು ಮುಟ್ಟಲು ಅನುಮತಿಯೇ ಸಿಗದೆ, ಕಂಪ್ಯೂಟರಿನಲ್ಲಿ ಬೇರೆಯವರ ಅಂಕಿಅಂಶ ಅರೆಯುತ್ತ ಐದು ವರ್ಷ ಕಳೆಯುವುದಕ್ಕಿಂತ ಇದು ಲೇಸು ಎಂಬುದು ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ಇನ್ನು ಒಳಗೆ ಹೋಗುವ ಬಾಗಿಲು. ಮೈಕ್ರೊಬಯಾಲಜಿ, ಬಯೊಟೆಕ್ನಾಲಜಿ, ಬಯೊಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದವರಿಗೆ ಸಿಎಸ್‌ಐಆರ್-ಯುಜಿಸಿ ನೆಟ್ (ಜೀವ ವಿಜ್ಞಾನ), ಜೈವಿಕ ತಂತ್ರಜ್ಞಾನ ಇಲಾಖೆಯ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪರೀಕ್ಷೆಗಳಿವೆ. ಕೃಷಿ, ತೋಟಗಾರಿಕೆಯವರು ಸಸ್ಯರೋಗ ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಪ್ರವೇಶ ಪರೀಕ್ಷೆ ಬರೆಯುತ್ತಾರೆ. ದನದ ಡಾಕ್ಟರರಿಗೆ ಎಂ.ವಿ.ಎಸ್ಸಿ. ದಾರಿ, ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ್ದು. ನೆಟ್ ಅಂಕವನ್ನೇ ಪಿಎಚ್.ಡಿ. ಪ್ರವೇಶಕ್ಕೂ ಬಳಸಬಹುದು ಎಂದು ಯುಜಿಸಿ 2024ರಿಂದ ಹೇಳಿದೆ: ಅದಕ್ಕೆ ನೂರಕ್ಕೆ 70, ಸಂದರ್ಶನಕ್ಕೆ 30. ಪದವಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮಹಿಳೆಯರಿಗೆ ಇನ್ನೆರಡು ವರ್ಷ ಸಿಗುತ್ತದೆ, 240 ದಿನದ ಹೆರಿಗೆ-ಶಿಶುಪಾಲನೆ ರಜೆಯೂ ಇದೆ. ಮದುವೆಯ ಮಾತು ಶುರುವಾದ ಮನೆಗಳಲ್ಲಿ ಈ ನಿಯಮವನ್ನು ಹುಡುಗಿಯರು ತೋರಿಸಲಿ.

‘ಪಗಾರ ಬರ್ತದೇನು?’ ಬರುತ್ತದೆ, ಜೆಆರ್‌ಎಫ್ ಇದ್ದರೆ. 2023ರ ಜನವರಿಯಿಂದ ಜಾರಿಯಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ತಿಂಗಳ ಒಂದನೇ ತಾರೀಖಿಗೆ ಬರುತ್ತದೆ ಎಂದು ನಂಬಿ ಸಾಲ ಮಾಡಬೇಡಿ. ನಾಲ್ಕು ತಿಂಗಳದ್ದು ಒಟ್ಟಿಗೆ ಬಂದ ಉದಾಹರಣೆ ಬೇಕಾದಷ್ಟಿದೆ. ಫೆಲೋಶಿಪ್ ಇಲ್ಲದೆ ಸೇರುವುದು ಬೇರೆಯೇ ಕತೆ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ನೆಟ್ ಇಲ್ಲದವರಿಗೆ ತಿಂಗಳಿಗೆ 8,000. ಅಷ್ಟರಲ್ಲಿ ಪುಣೆಯಲ್ಲಿ ಖೋಲಿ ಬಾಡಿಗೆಯೂ ಹುಟ್ಟುವುದಿಲ್ಲ. ಒಂದು ವರ್ಷ ತಡವಾದರೂ ಸರಿ, ಪರೀಕ್ಷೆ ಪಾಸಾಗಿಯೇ ಸೇರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಎಲ್ಲಿ ಸೇರುವುದು? ಸಂಕೇಶ್ವರದವರಿಗೆ ಪುಣೆ ಮುನ್ನೂರು ಕಿಲೋಮೀಟರಿನ ಆಸುಪಾಸು, ಬೆಂಗಳೂರು ಅದರ ಸುಮಾರು ಎರಡರಷ್ಟು. ಪುಣೆಯ ಸಂಸ್ಥೆ ಅಲ್ಲಿನ ವಿಶ್ವವಿದ್ಯಾಲಯದ ಜೊತೆ ವೈರಾಲಜಿ ಎಂ.ಎಸ್ಸಿ.ಯನ್ನೂ ನಡೆಸುತ್ತದೆ, ಕರ್ನಾಟಕದ ವಿದ್ಯಾರ್ಥಿಗಳಿಗೆ ಇದು ಅಷ್ಟಾಗಿ ಗೊತ್ತಿಲ್ಲ. ಮಣಿಪಾಲದ ವೈರಾಣು ಕೇಂದ್ರ 2018ರಲ್ಲಿ ಕೋಯಿಕ್ಕೋಡಿನ ನಿಪಾ ಸೋಂಕನ್ನು ಬೇಗ ಗುರುತಿಸಿ ಹೆಸರು ಮಾಡಿತು. ರೇಬೀಸ್‌ಗೆ ನಿಮ್ಹಾನ್ಸ್‌ನ ನರವೈರಾಣು ವಿಭಾಗ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಚ್.ಎಸ್. ಸಾವಿತ್ರಿ ಮತ್ತು ಎಂ.ಆರ್.ಎನ್. ಮೂರ್ತಿ ಸಸ್ಯ ವೈರಸ್ಸುಗಳ ಹೊದಿಕೆ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ವರ್ಷಗಟ್ಟಲೆ ಬಿಡಿಸಿಟ್ಟವರು. ಧಾರವಾಡವಂತೂ ಮನೆಯ ಪಕ್ಕ.

ಸಂಸ್ಥೆಯ ಹೆಸರಿಗಿಂತ ಗೈಡ್ ಯಾರು ಎಂಬುದನ್ನು ಹೆಚ್ಚು ವಿಚಾರಿಸಿ. ಅವರ ಹತ್ತಿರ ಎಷ್ಟು ಜನ ಮುಗಿಸಿದ್ದಾರೆ, ಎಷ್ಟು ವರ್ಷ ಹಿಡಿಯಿತು, ಎಷ್ಟು ಜನ ನಡುವೆ ಬಿಟ್ಟರು, ಮುಗಿಸಿದವರು ಈಗ ಎಲ್ಲಿದ್ದಾರೆ? ಹಳೆಯ ವಿದ್ಯಾರ್ಥಿಗಳನ್ನು ಚಹಾದಂಗಡಿಗೆ ಕರೆದುಕೊಂಡು ಹೋಗಿ ಕೇಳಿ, ಲ್ಯಾಬಿನೊಳಗೆ ಕೇಳಬೇಡಿ. ಫ್ರೀಜರಿಗೆ ಜನರೇಟರ್ ಇದೆಯೇ ಎಂದೂ ಕೇಳಿ, ನಗಬೇಡಿ. ಗೈಡಿನ ಮಗಳ ಮದುವೆಯ ಪತ್ರಿಕೆ ಹಂಚುವ ಕೆಲಸ ವಿದ್ಯಾರ್ಥಿಗಳದ್ದು ಎಂದು ತಿಳಿದ ಲ್ಯಾಬುಗಳು ನಮ್ಮ ದೇಶದಲ್ಲಿ ಇನ್ನೂ ಇವೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್‌ನದೇ ಅಂಜಿಕೆ. ಪ್ರಬಂಧ ಇಂಗ್ಲಿಷಿನಲ್ಲೇ ಬರೆಯಬೇಕು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಮೊದಲ ಎರಡು ವರ್ಷ ಬೇಕಾಗುವುದು ಪ್ರಯೋಗದ ವಹಿಯಲ್ಲಿ ಬರೆಯುವ ಸಣ್ಣ ಸಣ್ಣ ವಾಕ್ಯ: ಇಂಥ ದಿನ, ಇಷ್ಟು ಡಿಗ್ರಿ, ಇಷ್ಟು ಹನಿ, ಇದು ಆಯಿತು, ಇದು ಆಗಲಿಲ್ಲ. ಅದನ್ನು ಸುಳ್ಳಿಲ್ಲದೆ ದಿನವೂ ಬರೆದವರಿಗೆ ಪ್ರಬಂಧದ ಇಂಗ್ಲಿಷ್ ತಾನಾಗಿ ಬರುತ್ತದೆ. ಹೊಲದಲ್ಲಿ ಮಾದರಿ ತರುವಾಗ ರೈತನ ಜೊತೆ ಅವನ ಮಾತಿನಲ್ಲೇ ಮಾತಾಡುವವರಿಗೆ ಸಿಗುವ ವಿವರ ಬೇರೆಯವರಿಗೆ ಸಿಗುವುದಿಲ್ಲ. ಯಾವಾಗ ನೀರು ಬಿಟ್ಟೆ, ಪಕ್ಕದ ಹೊಲದಲ್ಲಿ ಏನಿತ್ತು, ಸಸಿ ಎಲ್ಲಿಂದ ತಂದೆ ಎಂಬುದು ಪ್ರಶ್ನಾವಳಿಯ ಹಾಳೆಗೆ ಬರುವುದಿಲ್ಲ, ಬದುವಿನ ಮೇಲೆ ಕೂತಾಗ ಬರುತ್ತದೆ.

ಮುಗಿದ ಮೇಲೆ ಏನು? ಕಾಲೇಜು ಮೇಷ್ಟ್ರ ಕೆಲಸ ಎಂದು ಕಾದು ಕೂರುವವರೇ ಹೆಚ್ಚು, ಹುದ್ದೆಗಳು ಕಡಿಮೆ. ಐಸಿಎಆರ್‌ನ ವಿಜ್ಞಾನಿ ಹುದ್ದೆಗೆ ಪ್ರತ್ಯೇಕ ಪರೀಕ್ಷೆಯಿದೆ. ದೇಶದ ತುಂಬ ವೈದ್ಯಕೀಯ ಕಾಲೇಜುಗಳಲ್ಲಿ ವೈರಸ್ ಪರೀಕ್ಷಾ ಪ್ರಯೋಗಾಲಯಗಳ ಜಾಲವೊಂದು ಬೆಳೆದಿದೆ, ಅಲ್ಲಿ ಹುದ್ದೆಗಳು ಬರುತ್ತಿರುತ್ತವೆ, ಹೆಚ್ಚಿನವು ಗುತ್ತಿಗೆಯವು. ಗೋಕಾಕ ಸೀಮೆಯ ತುಕ್ಕಾನಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿದೆ. ಅಂಥ ಕಡೆ ರೈತ ತಂದ ಮುದುಡಿದ ಎಲೆ ನೋಡಿ ಮೂರರಲ್ಲಿ ಯಾವುದು ಎಂದು ಹೇಳಬಲ್ಲವರು ಸದಾ ಬೇಕು. ಲಸಿಕೆ ಕಂಪನಿಗಳಿವೆ. ಬೀಜ ಕಂಪನಿಗಳನ್ನು ಮಾತ್ರ ನಮ್ಮ ವಿದ್ಯಾರ್ಥಿಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿ. ಮುನಿಯಪ್ಪ ಮತ್ತು ಸಂಗಡಿಗರು ಎಲೆ ಮುದುಡು ವೈರಸ್ ತಾಳುವ ನಂದಿ, ಸಂಕ್ರಾಂತಿ, ವೈಭವ ಎಂಬ ಟೊಮೆಟೊ ತಳಿಗಳನ್ನು ತಂದದ್ದು, ಸಾವಿರಾರು ಸಸಿಗಳ ಮೇಲೆ ವೈರಸ್ ಹೊತ್ತ ಬಿಳಿ ನೊಣ ಬಿಟ್ಟು ಬದುಕಿ ಉಳಿದವನ್ನು ಆರಿಸಿದ್ದರಿಂದ. ರಾಣೆಬೆನ್ನೂರಿನಿಂದ ಹೈದರಾಬಾದಿನವರೆಗೆ ಬೀಜದ ವ್ಯವಹಾರ ಮಾಡುವವರಿಗೆ ಮೆಣಸಿನಲ್ಲೂ ಅಂಥ ತಳಿ ಬೇಕಾಗಿದೆ, ಅದಕ್ಕೆ ವರ್ಷವಿಡೀ ಆ ನೊಣ ಸಾಕಿ, ಗಿಡಕ್ಕೆ ಬಿಟ್ಟು, ಫಲಿತಾಂಶವನ್ನು ನಂಬುವ ಹಾಗೆ ಬರೆದು ಕೊಡುವವರು ಬೇಕು.